ತಂತಿ ಸಿಕ್ಕಿಸಿಯೇ ಇತ್ತು

೨೦೨೧ರ ಆಗಸ್ಟ್ ೧೪, ಶನಿವಾರ. ಪ್ಲವ ಸಂವತ್ಸರದ ಶ್ರಾವಣ ಶುದ್ಧ ಷಷ್ಠಿ. ಆಧಾರ: ದಿನಾಂಕಕ್ಕೆ ಅಂದಿನ ಗೋಷ್ಠಿಗೆ ಇಮೇಲಿನಲ್ಲಿ ಬಂದ ಆಮಂತ್ರಣ; ತಿಥಿಗೆ ಆ ವರ್ಷದ ಪಂಚಾಂಗ. ಎರಡನ್ನೂ ಹೋಲಿಸಿ ನೋಡಿದ್ದೇನೆ. ಅಂದು ಬೆಳಿಗ್ಗೆ, ಚಂದ್ರಾ ಲೇಔಟಿನ ನನ್ನ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ನನ್ನ ಗೆಳತಿ ವನಜ ಆನ್‌ಲೈನ್ ಉಪನ್ಯಾಸ ಕೊಡುತ್ತಿದ್ದಾಗ ಅವಳ ಧ್ವನಿ ಮತ್ತೆ ಮತ್ತೆ ಕಡಿದು, ಕೊನೆಗೆ ನಿಂತೇಹೋಯಿತು. ಕಡಿದವಳು ನಾನು. ರಸ್ತೆ ಅಗೆಯುವವರಲ್ಲ, ಕೇಬಲ್ ಕಂಪನಿಯವರಲ್ಲ — ನಾನು, ತಿಳಿದೂ ತಿಳಿದೂ.

ಅದು ಹೇಗೆ ಸಾಧ್ಯವಾಯಿತೆಂಬುದನ್ನು ಮೊದಲು ಹೇಳಬೇಕು. ವಿವರವಿಲ್ಲದ ತಪ್ಪೊಪ್ಪಿಗೆಯಲ್ಲಿ ಅಡಗಿಕೊಳ್ಳಲು ಜಾಗ ಬಹಳ.

ನನ್ನ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅದಕ್ಕೆ ಇಂಟರ್‌ನೆಟ್ ಬರುವ ದಾರಿಗಳು ಎರಡು. ಒಂದು, ಬೀದಿಯ ಕಂಬದಿಂದ ಹಜಾರಕ್ಕಿಳಿದು, ಮೆಟ್ಟಿಲ ಗೋಡೆಯಗುಂಟ ಮೇಲೇರಿ, ಮೇಜಿನ ಕೆಳಗೆ ಬಂದು ಮುಗಿಯುವ ಕೇಬಲ್. ಇನ್ನೊಂದು, ಸಿಮ್ ಹಾಕಿದ, ಅಂಗೈಯಗಲದ ವೈಫೈ ಡಬ್ಬಿ. ನಮ್ಮ ಬೀದಿಯನ್ನು ಒಮ್ಮೆ ನೀರಿನವರು, ಒಮ್ಮೆ ಚರಂಡಿಯವರು ಅಗೆದು ಕೇಬಲ್ಲನ್ನು ತುಂಡರಿಸುತ್ತಿದ್ದರಿಂದ ಆ ಡಬ್ಬಿಯನ್ನು ಆಪತ್ತಿಗೆಂದು ಕೊಂಡಿದ್ದೆ. ಮಹಡಿಯಲ್ಲಿ ಅದಕ್ಕೆ ಸಿಗ್ನಲ್ ಬಹಳ ಕಡಿಮೆ. ಇಮೇಲ್ ಓದಲು ಸಾಕು, ಮಾತಿಗೆ ಸಾಲದು.

ಎರಡೂ ಸದಾ ಚಾಲನೆಯಲ್ಲಿರುತ್ತಿದ್ದವು. ಕಂಪ್ಯೂಟರ್ ತಾನಾಗಿಯೇ ಕೇಬಲ್ಲಿಗೆ ಮೊದಲ ಸ್ಥಾನ ಕೊಡುತ್ತದೆ. ಅದು ಸತ್ತಾಗ ಮಾತ್ರ ವೈಫೈಗೆ ಹೊರಳುತ್ತದೆ. ಈ ಆದ್ಯತೆಯನ್ನು ಸೆಟ್ಟಿಂಗುಗಳ ಒಳಪುಟವೊಂದರಲ್ಲಿ ಎರಡು ಸಂಖ್ಯೆಗಳು ನಿರ್ಧರಿಸುತ್ತವೆ: ಯಾವ ದಾರಿಗೆ ಚಿಕ್ಕ ಸಂಖ್ಯೆಯೋ ಅದೇ ಮೊದಲು. ಸಂಖ್ಯೆಗಳನ್ನು ಅದಲುಬದಲು ಮಾಡಿದರೆ, ಕೇಬಲ್ ಸಿಕ್ಕಿಸಿದ್ದರೂ, ಅದರ ಹಸಿರು ದೀಪ ಮಿನುಗುತ್ತಿದ್ದರೂ, ಮಾತೆಲ್ಲ ಆ ದುರ್ಬಲ ವೈಫೈಯಿಂದಲೇ ಹೋಗುತ್ತದೆ. ನೋಡುವವರ ಕಣ್ಣಿಗೆ ಏನೂ ಬದಲಾಗಿರುವುದಿಲ್ಲ. ನಿವೃತ್ತಿಯ ನಂತರ ಇಂಥವನ್ನೆಲ್ಲ ನಾನೇ ಓದಿ ಕಲಿತಿದ್ದೆ, ಕಲಿತದ್ದಕ್ಕೆ ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ಬಳಸಿಕೊಂಡ ಬಗೆ —

ವನಜಳ ವಿಷಯ ಹೇಳುತ್ತೇನೆ. ನಾವಿಬ್ಬರೂ ಒಂದೇ ಗುರುಗಳ ಕೈಕೆಳಗೆ ಶಾಸನ ಓದಲು ಕಲಿತವರು. ಒಂದೇ ಸಂಸ್ಥೆಯಲ್ಲಿ, ಎದುರುಬದುರು ಮೇಜುಗಳಲ್ಲಿ, ಇಡೀ ವೃತ್ತಿಜೀವನ ಕಳೆದವರು. ನನ್ನ ಟಿಪ್ಪಣಿಗಳು ಅವಳದಕ್ಕಿಂತ ಅಚ್ಚುಕಟ್ಟು, ನನ್ನ ಪ್ರಕಟಣೆಗಳು ಅವಳದಕ್ಕಿಂತ ಹೆಚ್ಚು. ಆದರೂ ಯಾವ ಊರಿಗೆ ಮರಳಿ ಹೋದರೂ ಜನ ಕೇಳುತ್ತಿದ್ದುದು, "ಆ ಇನ್ನೊಬ್ರು ಮೇಡಂ ಬರ್ಲಿಲ್ವಾ?" ಎಂದು. ಆ ಪ್ರಶ್ನೆಯನ್ನು ನಾನು ಎಷ್ಟು ಸಲ ನುಂಗಿದ್ದೇನೆ — ಲೆಕ್ಕವಿಡುವ ಅಭ್ಯಾಸವಿರುವ ನಾನು ಇದೊಂದಕ್ಕೆ ಲೆಕ್ಕವಿಡಲಿಲ್ಲ.

ಕೆಂಗೇರಿಯ ಆಚೆ, ಈಗ ಬಡಾವಣೆಯೊಳಗೆ ಸೇರಿಹೋಗಿರುವ ಹಳೆಯ ಊರೊಂದರಲ್ಲಿ, ಹೊಲ ಮಾರಿ ಬಾಡಿಗೆಯ ಮನೆಗಳನ್ನು ಕಟ್ಟಿಸಿದ್ದ ರೈತ ಕುಟುಂಬವೊಂದರ ಹಿತ್ತಲಲ್ಲಿ ವೀರಗಲ್ಲೊಂದನ್ನು ನಾನು ಪತ್ತೆಹಚ್ಚಿದ್ದೆ. ಮನೆಯವರು ಅದನ್ನು ಬಟ್ಟೆ ಒಗೆಯಲು ಬಳಸುತ್ತಿದ್ದರು. ಸಂಸ್ಥೆಯ ಪತ್ರ ಹಿಡಿದು ಎರಡು ಸಲ ಹೋದೆ. ಎರಡು ಸಲವೂ ಮನೆಯಾಕೆ, "ನಾಳೆ ಬನ್ರಮ್ಮ, ಬಟ್ಟೆ ನೆನೆಹಾಕಿದೀನಿ" ಎಂದು ಕಳುಹಿಸಿದಳು. ಮೂರನೆಯ ಸಲ ವನಜ ಜೊತೆಗೆ ಬಂದಳು. ಪತ್ರವನ್ನು ಚೀಲದಿಂದ ತೆಗೆಯಲೂ ಇಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅಕ್ಕ, ನೀವು ಹಿಂಡಿ ಕೊಡಿ, ನಾನು ಒಣಗಾಕ್ತೀನಿ. ಕಲ್ಲು ಖಾಲಿ ಆದ್ಮೇಲೆ ನಮಗೆ ಬಿಟ್ಕೊಡಿ."

ಆಕೆ ನಕ್ಕಳು. "ಇಷ್ಟು ಓದಿರೋರು ನಮ್ಮನೆ ಬಟ್ಟೆ ಒಣಗಾಕ್ತೀರಾ?"

"ಓದಿದೀವಿ ಅಂತ ನಮ್ಮನೇಲಿ ಯಾರಾದ್ರೂ ಒಗೆದು ಕೊಡ್ತಾರಾ ಅಕ್ಕ?"

ಅಂದು ಮಧ್ಯಾಹ್ನ ನಮಗೆ ಕಲ್ಲಿನ ಜೊತೆ ಮಜ್ಜಿಗೆಯೂ ಸಿಕ್ಕಿತು. ಶಾಸನವನ್ನು ಪ್ರಕಟಿಸಿದವಳು ನಾನು. ಆದರೆ ಆ ಕಲ್ಲನ್ನು ಹುಡುಕಿದವಳು ನಾನಾದರೂ ಅದು ಒಲಿದದ್ದು ಅವಳಿಗೆ ಎಂಬ ಭಾವನೆ ನನ್ನೊಳಗೆ ಅಂದೇ ಕುಳಿತಿತು, ಮತ್ತೆ ಏಳಲಿಲ್ಲ.

ನಿವೃತ್ತರಾದ ಮೇಲೆ, ನಗರದ ಪಶ್ಚಿಮದಂಚಿನ ಹಳೆಯ ಊರುಗಳ ವೀರಗಲ್ಲುಗಳನ್ನೆಲ್ಲ ಒಂದು ಸಂಪುಟವಾಗಿ ತರಬೇಕೆಂದು ನಮ್ಮ ಪರಿಚಯದ ವಿದ್ವಾಂಸರ ಬಳಗವೊಂದು ನಿಶ್ಚಯಿಸಿತು. ಮೊದಲು ಆ ವಿಷಯವಾಗಿ ಒಂದು ಉಪನ್ಯಾಸ. ಉಪನ್ಯಾಸ ಕೊಟ್ಟವರಿಗೇ ಸಂಪಾದಕತ್ವ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಹ್ವಾನ ನನಗೆ ಬರುವುದೆಂದೇ ನಂಬಿ ನಾನು ಪೀಠಿಕೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಬಂದದ್ದು ವನಜಳಿಗೆ. ನನಗೆ ಬಂದದ್ದು ಶ್ರೋತೃವಾಗಿ ಭಾಗವಹಿಸಬೇಕೆಂಬ ಕೋರಿಕೆ.

ಅಂದೇ ಅವಳು ಫೋನ್ ಮಾಡಿದಳು. ಗೋವಿಂದರಾಜನಗರದಲ್ಲಿ ಅವಳಿದ್ದ ಬಾಡಿಗೆ ಮನೆಯ ಸುತ್ತ ಕಟ್ಟಡಗಳೆದ್ದು ಮೊಬೈಲಿನಲ್ಲಿ ಮಾತೇ ನೆಟ್ಟಗೆ ಕೇಳುತ್ತಿರಲಿಲ್ಲ. "ನಿಮ್ಮನೆಗೇ ಬಂದ್ಬಿಡ್ತೀನಿ ಕಣೇ. ನಿನ್ನ ಹತ್ರ ಕೇಬಲ್ ಇದೆ, ನೀನೂ ಇರ್ತೀಯ. ನಂಗೆ ಧೈರ್ಯ." ಬಾ ಎಂದೆ. ಇಲ್ಲವೆನ್ನಲು ಕಾರಣವಿರಲಿಲ್ಲ. ನನಗಿದ್ದ ಕಾರಣ ಹೇಳಿಕೊಳ್ಳುವಂಥದಲ್ಲ.

ನಾಗರಪಂಚಮಿಯ ಮರುದಿನ ಅವಳು ಬಂದಳು. ಸ್ಟೀಲ್ ಡಬ್ಬಿಯಲ್ಲಿ ಚಿಗಳಿ, ತಂಬಿಟ್ಟು. ಕಾಫಿ ಕುಡಿಯುತ್ತ, ತನ್ನ ಉಪನ್ಯಾಸದ ಹಾಳೆಗಳನ್ನು ಜೋಡಿಸಿಕೊಳ್ಳುತ್ತ ಹೇಳಿದಳು:

"ಆ ಒಗೆಯೋ ಕಲ್ಲಿದೆಯಲ್ಲ, ಅದಕ್ಕೆ ನೀನು ಕೊಟ್ಟ ಕಾಲ ಒಂದು ಸುತ್ತು ತಪ್ಪಿದೆ ಕಣೇ. ಇವತ್ತು ಹೇಳ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡ, ನಯವಾಗೇ ಹೇಳ್ತೀನಿ."

"ಹೇಳು, ಅದರಲ್ಲೇನಿದೆ," ಎಂದೆ.

ಆ ಕಲ್ಲಿನಲ್ಲಿ ಶಕವರ್ಷದ ಅಂಕೆಗಳು ಸವೆದುಹೋಗಿ ಸಂವತ್ಸರದ ಹೆಸರಷ್ಟೇ ಉಳಿದಿತ್ತು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹೀಗಾಗಿ ಯಾವ ಸುತ್ತಿನದೆಂಬುದನ್ನು ಅಕ್ಷರದ ರೂಪ ನೋಡಿ ನಿಶ್ಚಯಿಸಬೇಕು. ನಾನು ಒಂದನ್ನು ಆರಿಸಿದ್ದೆ. ವನಜಳ ಪ್ರಕಾರ ಅದು ಅದರ ಹಿಂದಿನ ಸುತ್ತಿನದು. ಅವಳು ತೋರಿಸಿದ ಅಕ್ಷರಗಳನ್ನು ನೋಡಿದೆ. ಅವಳು ಹೇಳಿದ್ದು ಸರಿ. ನೋಡಿದ ಕೂಡಲೇ ಗೊತ್ತಾಯಿತು — ನೋವಿನ ಮೂಲ ಅದೇ.

ಅವಳು ಲೋಟ ತೊಳೆಯಲು ಅಡುಗೆಮನೆಗೆ ಹೋದಾಗ ನಾನು ಮಹಡಿಗೆ ಹೋಗಿ ಆ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದೆ.

ಉಪನ್ಯಾಸ ಆರಂಭವಾಯಿತು. ಮೊದಲ ಕೆಲವು ನಿಮಿಷ ವೈಫೈ ಹೇಗೋ ತಡೆದುಕೊಂಡಿತು; ಆ ನಿಮಿಷಗಳಲ್ಲಿ ನಾನು ಬಯಸಿದ್ದೇನು ಎಂದು ಕೇಳಿದರೆ — ಕಡಿಯಲಿ ಎಂದೇ. ಕಡಿಯಿತು. ಸಂಚಾಲಕರ ಧ್ವನಿ ಬಂತು: "ಮೇಡಂ, ನಿಮ್ಮ ಮಾತು ತುಂಡು ತುಂಡಾಗಿ ಬರ್ತಿದೆ. ಇನ್ನೊಂದ್ಸಲ ಹೇಳ್ತೀರಾ?" ಅವಳು ಇನ್ನೊಮ್ಮೆ ಹೇಳಿದಳು. ಮತ್ತೆ ಕಡಿಯಿತು. ಪರದೆಯ ಮೇಲೆ ಅವಳ ಮುಖ ಬಾಯಿ ಅರೆತೆರೆದು ನಿಶ್ಚಲವಾಗಿ ನಿಂತಿತ್ತು. ಪಕ್ಕದಲ್ಲಿ ನಿಜವಾದ ವನಜ ಬೆವರುತ್ತಿದ್ದಳು.

"ಕೇಬಲ್ ಸಡಿಲ ಆಗಿದೆಯೇನೋ ನೋಡೇ."

ನಾನು ಮಂಡಿಯೂರಿ ಮೇಜಿನ ಕೆಳಗೆ ತೂರಿದೆ. ಹಸಿರು ದೀಪ ಮಿನುಗುತ್ತಿತ್ತು. ಗಟ್ಟಿಯಾಗಿಯೇ ಇದ್ದ ಕೇಬಲ್ಲನ್ನು ಒಮ್ಮೆ ಕಿತ್ತು, ಮತ್ತೆ ಸಿಕ್ಕಿಸಿ, "ಸರಿಯಾಗಿದೆಯಲ್ಲ" ಎಂದೆ. ನನ್ನ ಜೀವನದಲ್ಲಿ ನಾನು ಬರೆದ ತಪ್ಪುಗಳಿವೆ, ಓದಿದ ತಪ್ಪುಗಳಿವೆ. ಆಡಿದ ನಾಟಕ ಇದೊಂದೇ. ಮೇಜಿನ ಕೆಳಗಿಂದ ನನಗೆ ಕಾಣುತ್ತಿದ್ದುದು ಅವಳ ಪಾದಗಳು. ಒಂದರ ಮೇಲೊಂದನ್ನು ಇಟ್ಟು, ಪರೀಕ್ಷೆಗೆ ಕುಳಿತವರಂತೆ, ಬೆರಳುಗಳನ್ನು ಬಿಗಿಹಿಡಿದಿದ್ದಳು. ಅದನ್ನು ನೋಡಿಯೂ ನಾನು —

ಕಲ್ಲಿನ ಕಾಲದ ಮಾತಿಗೆ ಅವಳು ಬರುವಷ್ಟರಲ್ಲಿ ಎಲ್ಲವೂ ನಿಂತಿತು. ಅವಳು ಕುರ್ಚಿಯಿಂದ ಎದ್ದುಬಿಟ್ಟಳು.

"ನೀನೇ ಕೂತ್ಕೊಂಡು ಏನಾದ್ರೂ ಮಾತಾಡೇ. ಪಾಪ, ಅಷ್ಟೂ ಜನ ಕಾಯ್ತಿದಾರೆ. ನಾನು ಕೂತ್ರೆ ಮತ್ತೆ ಹೋಗತ್ತೆ."

ಕುಳಿತೆ. ಸರಿಪಡಿಸುವವಳಂತೆ ಆ ಒಳಪುಟ ತೆರೆದು ಸಂಖ್ಯೆಗಳನ್ನು ಮೊದಲಿನಂತಾಗಿಸಿದೆ. ಅವಳು ನನ್ನ ಭುಜದ ಹಿಂದೆಯೇ ನಿಂತು ನೋಡುತ್ತಿದ್ದಳು. ನೋಡಿದರೂ ತಿಳಿಯುವಂಥದಲ್ಲ ಅದು. ಮಾತಾಡಲು ಬಾಯಿ ತೆರೆದೊಡನೆ ಸಂಚಾಲಕರು, "ಈಗ ಎಷ್ಟು ಚೆನ್ನಾಗಿ ಕೇಳ್ತಿದೆ ಮೇಡಂ" ಎಂದರು. ವೀರಗಲ್ಲುಗಳ ಬಗ್ಗೆ ನಾನು ಉಳಿದ ಸಮಯವಿಡೀ ಮಾತಾಡಿದೆ. ಆ ಕಲ್ಲಿನ ಕಾಲದ ವಿಷಯ ಎತ್ತಲಿಲ್ಲ.

ಮುಗಿದ ಮೇಲೆ ವನಜ ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ನಕ್ಕಳು. "ನಿನ್ನ ಕೈ ತಾಗಿದ್ರೆ ಕೇಳತ್ತೆ ನೋಡು ಅದು. ನಂಗೆ ಈ ಯಂತ್ರಗಳು ಆಗಿಬರಲ್ಲ ಕಣೇ. ಇನ್ನು ಸಾಕು." ಅಂದು ನಾನು ಸತ್ಯ ಹೇಳಲು ಒಂದೇ ವಾಕ್ಯ ಸಾಕಿತ್ತು. "ಬಿಡು, ಆಗತ್ತೆ ಹೀಗೆಲ್ಲ" ಎಂದೆ. ಅದೂ ಒಂದೇ ವಾಕ್ಯ.

ಸಂಚಾಲಕರು ಮತ್ತೊಂದು ದಿನ ಗೊತ್ತುಮಾಡಿದಾಗ ಅವಳು ಒಪ್ಪಲಿಲ್ಲ. ಸಂಪುಟದ ಕೆಲಸವೆಲ್ಲ ಆನ್‌ಲೈನ್ ಸಭೆಗಳಲ್ಲೇ ನಡೆಯಬೇಕು, ತನ್ನಿಂದ ಬಳಗಕ್ಕೆ ತೊಂದರೆಯಾಗುವುದು ಬೇಡ, ನನ್ನನ್ನೇ ಸಂಪಾದಕಿಯನ್ನಾಗಿ ಮಾಡಿ ಎಂದು ಅವರಿಗೆ ತಾನೇ ಹೇಳಿದಳು. ಮಾಡಿದರು. ಸಂಪುಟ ಹೊರಬಂತು. ಅದರಲ್ಲಿ ಆ ಕಲ್ಲಿನ ಕಾಲವನ್ನು ಹಿಂದಿನ ಸುತ್ತಿಗೆ ತಿದ್ದಿದ್ದೇನೆ. ಅಡಿಟಿಪ್ಪಣಿಯಲ್ಲಿ "ಸಂಪಾದಕಿಯ ಮರುಪರಿಶೀಲನೆಯಂತೆ" ಎಂದಿದೆ. ವನಜಳ ವಾದವನ್ನು ಬಳಗದ ಯಾರೂ ಕೇಳಿರಲಿಲ್ಲ. ಯಾರೂ ಕೇಳದಂತೆ ನೋಡಿಕೊಂಡವಳಿಗೆ ಅದು ತಿಳಿದಿತ್ತು.

ಪುಸ್ತಕದ ಪ್ರತಿಯನ್ನು ಅವಳ ಮನೆಗೆ ನಾನೇ ಒಯ್ದು ಕೊಟ್ಟೆ. ಆ ಪುಟ ಓದಿ, "ಒಳ್ಳೇದಾಯ್ತು. ಸರಿ ಮಾಡ್ಕೊಂಡೆಯಲ್ಲ" ಎಂದಳು. ಆ ಮಾತಿನಲ್ಲಿ ಕೊಂಕಿತ್ತೇ ಎಂದು ಇಂದಿಗೂ ಪರಿಶೀಲಿಸುತ್ತಿದ್ದೇನೆ. ಇತ್ತೆಂದಾದರೆ ನನಗೆ ಎಷ್ಟೋ ಸಮಾಧಾನ. ಇರಲಿಲ್ಲ ಎಂದೇ ತೋರುತ್ತದೆ. ಆಮೇಲೆ ಅವಳು ಎಲ್ಲಿಯೂ ಉಪನ್ಯಾಸ ಕೊಡಲಿಲ್ಲ. ಕರೆದವರಿಗೆಲ್ಲ, "ಅವಳನ್ನ ಕೇಳಿ, ಅವಳಿಗೆ ಎಲ್ಲಾ ಬರತ್ತೆ" ಎಂದು ನನ್ನ ನಂಬರ್ ಕೊಡುತ್ತಾಳೆ. ಅವಳ ಯಾವ ಯಾವುದಕ್ಕೆ ನಾನು ಅಸೂಯೆಪಟ್ಟೆನೋ ಅದೆಲ್ಲ ಈಗ ಒಂದೊಂದಾಗಿ ನನ್ನ ಮನೆಗೆ ಬರುತ್ತಿದೆ, ಅವಳದೇ ಕೈಯಿಂದ. ಅಸೂಯೆ ಮಾತ್ರ ಕಡಿಮೆಯಾಗಿಲ್ಲ. ಈಗ ಅವಳ ನಿಶ್ಚಿಂತೆಯ ಮೇಲೆ.

ಸಂಪುಟ ಮರುಮುದ್ರಣವಾಗುತ್ತಿದೆ. ಸಂಪಾದಕಿಯ ಹೆಸರಿನ ಜಾಗದಲ್ಲಿ ವನಜಳ ಹೆಸರಿರಬೇಕೆಂದೂ, ಆ ಅಡಿಟಿಪ್ಪಣಿಯ ತಿದ್ದುಪಡಿ ಅವಳದೆಂದು ಸ್ಪಷ್ಟವಾಗಬೇಕೆಂದೂ ಬಳಗಕ್ಕೆ ಬರೆದಿದ್ದೇನೆ. ಕಾರಣ ಕೇಳಿದ್ದಾರೆ. ಈ ಬರಹವೇ ಕಾರಣ. ಅವರಿಗೆ ಕಳುಹಿಸುವ ಮೊದಲು ಗೋವಿಂದರಾಜನಗರಕ್ಕೆ ಹೋಗಿ, ಅವಳೆದುರು ಕುಳಿತು ಓದಿ ಹೇಳುತ್ತೇನೆ. ಅವಳು ಏನನ್ನುವಳೆಂದು ಊಹಿಸುವ ಹಕ್ಕು ನನಗಿಲ್ಲ.

ಮೊದಲ ಕರಡಿನಲ್ಲಿ ಇಲ್ಲೊಂದು ಪರಿಚ್ಛೇದವಿತ್ತು. ಅಂದು ಕಾಫಿಯ ಹೊತ್ತಿನಲ್ಲಿ ಅವಳು ನನ್ನ ತಪ್ಪನ್ನು ಎತ್ತಿ ಆಡಿದಳೆಂದೂ, ಆ ಒಂದು ಗಳಿಗೆಯ ಸಿಟ್ಟಿನಲ್ಲಿ, ಮುನ್ನ ಯೋಚಿಸದೆ, ಮಹಡಿಗೆ ಹೋದೆನೆಂದೂ ಬರೆದಿದ್ದೆ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಪ್ರಾಮಾಣಿಕವಾಗಿಯೇ ನಂಬಿದ್ದೆ. ಆದರೂ ಅಭ್ಯಾಸಬಲದಿಂದ ಪರಿಶೀಲನೆಗೆ ತೊಡಗಿದೆ. ಕಲ್ಲನ್ನು ತೊಳೆಯುವ ಮೊದಲೊಂದು, ತೊಳೆದ ಮೇಲೊಂದು ಚಿತ್ರ ತೆಗೆಯುವುದು ನಮ್ಮ ಕಸುಬಿನ ಪದ್ಧತಿ. ಕಂಪ್ಯೂಟರಿನಲ್ಲಿ ಯಾವುದೇ ಸೆಟ್ಟಿಂಗನ್ನು ಹೊಸದಾಗಿ ಮುಟ್ಟುವಾಗಲೂ ನಾನು ಪರದೆಯ ಚಿತ್ರವನ್ನು ಹಾಗೆಯೇ ಎರಡು ಸಲ ತೆಗೆದಿಡುತ್ತೇನೆ. ಆ ಚಿತ್ರಗಳು ಸಿಕ್ಕವು. ಮೊದಲನೆಯದರಲ್ಲಿ ಕೇಬಲ್ ಮುಂದೆ. ಎರಡನೆಯದರಲ್ಲಿ ವೈಫೈ ಮುಂದೆ. ದಿನಾಂಕ ಆಗಸ್ಟ್ ೧೪ ಅಲ್ಲ. ಆಗಸ್ಟ್ ೪, ಬುಧವಾರ: ವನಜಳಿಗೆ ಆಹ್ವಾನ ಬಂದ ದಿನ, ಅವಳು ಫೋನಿನಲ್ಲಿ "ನಂಗೆ ಧೈರ್ಯ" ಎಂದ ದಿನ. ಅಂದೇ ನಾನು ಒಮ್ಮೆ ಮಾಡಿ ನೋಡಿದ್ದೆ.

ಹಾಗೆ ಮಾಡಿದ ನೆನಪು ನನಗೆ ಸ್ವಲ್ಪವೂ ಇಲ್ಲ. ಕಂಪ್ಯೂಟರಿನ ದಿನಾಂಕ ತಪ್ಪಿರಬಹುದೇ ಎಂದು ಅದೇ ದಿನದ ಇಮೇಲುಗಳೊಂದಿಗೆ ಹೋಲಿಸಿದೆ, ತಪ್ಪಿಲ್ಲ. ಕೇಬಲ್ ಕೈಕೊಟ್ಟರೆ ಇರಲೆಂದು ಸದುದ್ದೇಶದಿಂದ ಪರೀಕ್ಷಿಸಿರಬಹುದೇ ಎಂದೂ ಕೇಳಿಕೊಂಡೆ. ಆದರೆ ಇಂಥ ಚಿತ್ರಗಳಿಗೆ ನಾನು ಸದಾ ಉದ್ದೇಶವನ್ನೇ ಹೆಸರಾಗಿ ಕೊಡುವವಳು. ಆ ಎರಡು ಚಿತ್ರಗಳಿಗೆ ಕೊಟ್ಟ ಹೆಸರು "ವನಜ".

ಪರಿಚ್ಛೇದವನ್ನು ಹೊಡೆದುಹಾಕಿದ್ದೇನೆ.