ಹೆಸರು ಕೆತ್ತಿದ ಬೆಂಚುಗಳ ಹೈಸ್ಕೂಲು

ಮಂಗಳೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ತೊಡೆಯ ಮೇಲೆ ಒಂದು ಗ್ಲೋಬು ಇತ್ತು. ಜನವರಿ ತಿಂಗಳು, ಬುಧವಾರ. ಇಸವಿ ಅರುವತ್ತೊಂದೋ ಅರುವತ್ತೆರಡೋ ಹೇಳಲಾರೆ; ಆ ಪ್ರಯಾಣದ ನೋಟುಪುಸ್ತಕದಲ್ಲಿ ವಾರ ಉಂಟು, ಇಸವಿ ಇಲ್ಲ. ಊಹಿಸಿ ತುಂಬಿಸುವುದು ಕಷ್ಟವಲ್ಲ. ಆದರೆ ಒಮ್ಮೆ ತುಂಬಿಸಿದರೆ ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಕೂತುಬಿಡುತ್ತದೆ. ಹಾಗಾಗಿ ಖಾಲಿ ಬಿಟ್ಟಿದ್ದೇನೆ.

ಗ್ಲೋಬು ನನ್ನದಲ್ಲ. ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಸೀತಾರಾಮ ಕಾಣಿಯೂರಿನಿಂದ ಎರಡು ಮೈಲಿ ಒಳಗೆ ಊರವರು ಕಟ್ಟಿದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದ. ಅವನ ಕಾರ್ಡು ಬಂದಿತ್ತು: "ಗುರುವಾರ ಇನ್ಸ್‌ಪೆಕ್ಟರು ಬರುತ್ತಾರೆ. ಮಾನ್ಯತೆ ಸಿಗದಿದ್ದರೆ ನಮ್ಮ ಮೊದಲ ತಂಡದ ಹನ್ನೊಂದು ಮಕ್ಕಳು ಎಸ್.ಎಸ್.ಎಲ್.ಸಿ.ಗೆ ಕೂರುವಂತಿಲ್ಲ. ಗ್ಲೋಬು ಬೇಕೇ ಬೇಕಂತೆ. ಪುತ್ತೂರಿನಲ್ಲಿ ಸಿಗಲಿಲ್ಲ. ನೀನೇ ತಾ, ಪಾರ್ಸೆಲ್ ಮಾಡಿದರೆ ಭೂಮಿ ಚಪ್ಪಟೆಯಾದೀತು."

ಪಾಣೆಮಂಗಳೂರಿನ ಸೇತುವೆ ದಾಟುವವರೆಗೂ ಮಂಜು ಇತ್ತು. ಪಕ್ಕದಲ್ಲಿ ಕೂತ ವೃದ್ಧರೊಬ್ಬರು ಬಹಳ ಹೊತ್ತು ಗ್ಲೋಬನ್ನೇ ನೋಡಿ ಕೇಳಿದರು.

"ಇದರಲ್ಲಿ ಪುತ್ತೂರು ಎಲ್ಲಿ ಉಂಟು?"

ಬೆರಳಿಟ್ಟು ತೋರಿಸಿದೆ.

"ನಿಮ್ಮ ಉಗುರಿನ ಅಡಿಯಲ್ಲಿ ಜಿಲ್ಲೆಯೇ ಹೋಯ್ತಲ್ಲ ಮಾರಾಯ್ರೆ! ಹಾಗಾದ್ರೆ ನನ್ನ ಜಾಗದ ಗಡಿ ತಕರಾರು ಇದರಲ್ಲಿ ತೀರ್ಮಾನ ಆಗ್ಲಿಕ್ಕಿಲ್ಲ."

ಕಂಡಕ್ಟರು ನಕ್ಕ. "ಅಜ್ಜೇರೆ, ನಿಮ್ಮ ತಕರಾರು ತೀರ್ಮಾನ ಆಗುವಾಗ ಭೂಮಿ ಇರ್ತದಾ ಅಂತ ಮೊದಲು ನೋಡುವ."

ಮೂವತ್ತು ಚಿಲ್ಲರೆ ಮೈಲಿ ದಾರಿ. ಪುತ್ತೂರು ತಲುಪುವಾಗ ಹತ್ತು ಗಂಟೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬನ್ಸು ತಿಂದೆ, ಗ್ಲೋಬಿಗೆ ಎದುರಿನ ಕುರ್ಚಿ ಕೊಟ್ಟರು. ಕಾಣಿಯೂರಿನ ಬಸ್ಸು ಒಂದೂವರೆಗೆ ಎಂದರು, ಹೊರಟದ್ದು ಎರಡೂಕಾಲಿಗೆ. ಸವಣೂರಿನ ಆಚೆ ರಸ್ತೆ ಕೆಂಪು ಧೂಳಾಯಿತು. ಹದಿನೈದು ಮೈಲಿಗೆ ಎರಡು ಗಂಟೆ ಹಿಡಿಯಿತು. ಇಳಿಯುವಾಗ ಅಟ್ಲಾಂಟಿಕ್ ಸಾಗರ ಕೆಂಪಾಗಿತ್ತು. ಸೀತಾರಾಮ ಪಂಚೆಯ ತುದಿಯಿಂದ ಅದನ್ನು ಒರಸಿದ. ನನ್ನನ್ನು ವಿಚಾರಿಸಿದ್ದು ಆಮೇಲೆ.

ಶಾಲೆಗೆ ಗದ್ದೆಯ ಹುಣಿಯ, ಎಂದರೆ ಬದುವಿನ, ಮೇಲೆ ಮುಕ್ಕಾಲು ಗಂಟೆಯ ನಡಿಗೆ. ದಾರಿಯಲ್ಲಿ ಶಾಲೆ ಹುಟ್ಟಿದ ಕಥೆ ಕೇಳಿದೆ. ಸೀತಾರಾಮನ ಪ್ರಕಾರ, ಪುತ್ತೂರಿಗೆ ಓದಲು ಹೋದ ಮಕ್ಕಳು ಮನೆ ಹಿಡಿದು ಉಳಿಯಲಾಗದೆ ಒಬ್ಬೊಬ್ಬರೇ ವಾಪಸು ಬಂದರು, ಅದನ್ನು ನೋಡಿ ಊರು ಸಭೆ ಸೇರಿತು. ಮರುದಿನ ಬಸ್ಸು ಕಾಯುವಾಗ ಕಾಣಿಯೂರಿನ ಹೋಟೆಲಿನವನು ಹೇಳಿದ್ದು ಬೇರೆ: ಪಕ್ಕದ ಗ್ರಾಮಕ್ಕೆ ಹೈಸ್ಕೂಲು ಬರುತ್ತದೆಂಬ ಸುದ್ದಿ ಹಬ್ಬಿತು, ಅದನ್ನು ತಪ್ಪಿಸಲು ಇವರು ಒಂದೇ ವಾರದಲ್ಲಿ ಚಪ್ಪರ ಹಾಕಿದರು. ಎರಡೂ ನಿಜವಿರಬಹುದು. ಎರಡನೆಯದನ್ನು ಯಾರೂ ಶಾಲೆಯ ವಾರ್ಷಿಕ ವರದಿಯಲ್ಲಿ ಬರೆಯುವುದಿಲ್ಲ, ಅಷ್ಟೆ.

ಚಪ್ಪರ ಹೋಗಿ ಮಣ್ಣಿನ ಗೋಡೆ ಬಂದಿತ್ತು. ಮೂರು ಕೋಣೆಗಳು, ಎರಡಕ್ಕೆ ಹಂಚು, ಒಂದಕ್ಕೆ ಇನ್ನೂ ತೆಂಗಿನ ಮಡಲು. ಮಡಲನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮನೆ ಮನೆಯವರು ಹೆಣೆದು ತರುತ್ತಿದ್ದರು. ಮಕ್ಕಳು ಮನೆಗೆ ಹೋಗಿಯಾಗಿತ್ತು. ಸೀತಾರಾಮ ಹತ್ತನೆಯ ತರಗತಿಯ ಕೋಣೆಗೆ ಕರೆದುಕೊಂಡು ಹೋದ. ಬೆಂಚುಗಳು ಒಂದರ ಹಾಗೆ ಒಂದಿರಲಿಲ್ಲ. ಒಂದು ಎತ್ತರ, ಒಂದು ಕುಳ್ಳ, ಒಂದಕ್ಕೆ ಮಂಚದ ಕಾಲು. ಪ್ರತಿಯೊಂದರ ಒರಗುವ ಹಲಗೆಯ ಮೇಲೂ ಒಂದು ಮನೆಯ ಹೆಸರು ಕೆತ್ತಿತ್ತು.

"ನಮ್ಮವರು ಮದುವೆಗೆ ಪಾತ್ರೆ ಎರವಲು ಕೊಡುವಾಗ ಹೆಸರು ಕೊರೆಸ್ತಾರಲ್ಲ, ಅದಲು ಬದಲು ಆಗ್ಬಾರದು ಅಂತ? ಅದೇ ಅಭ್ಯಾಸ," ಎಂದ. "ಮನೆಗೊಂದು ಬೆಂಚು ಕೊಡಿ ಅಂತ ಸಭೆಯಲ್ಲಿ ಹೇಳಿದ್ದೇ ತಪ್ಪಾಯ್ತು. ಹೆಸರು ಕೆತ್ತಿಸಿ ಕೊಟ್ಟರು. ಈಗ ಆಯಾ ಮನೆಯ ಮಕ್ಕಳು ಆಯಾ ಬೆಂಚಿನಲ್ಲೇ ಕೂರುದು. ಹೋದ ವರ್ಷ ಒಬ್ಬರು ಮಗಳ ಮದುವೆಗೆ ಅಂತ ಬೆಂಚು ಹೊತ್ತುಕೊಂಡೇ ಹೋದರು. ವಾಪಸು ಬರುವಾಗ ಅದರ ಮೇಲೆ ಪಾಯಸದ ಕಲೆ ಇತ್ತು."

"ಬೆಂಚು ಇಲ್ಲದ ಮನೆಯ ಮಕ್ಕಳು?"

ಅವನು ಗೋಡೆಯ ಬುಡವನ್ನು ತೋರಿಸಿದ. ಅಲ್ಲಿ ನಾಲ್ಕು ಚಾಪೆಗಳನ್ನು ಸುರುಳಿ ಸುತ್ತಿ ಇಟ್ಟಿತ್ತು.

ಕುತ್ತು ಅಲ್ಲಿಯೇ ಇತ್ತು. ಪ್ರತಿ ವಿದ್ಯಾರ್ಥಿಗೂ ಆಸನ ಇರಬೇಕೆಂಬುದು ಮಾನ್ಯತೆಯ ಶರತ್ತು. ಲೆಕ್ಕಕ್ಕೆ ಬೆಂಚು ಬೇಕಾದಷ್ಟು ಇತ್ತು. ಮೊದಲ ಸಾಲಿನ ಹಲಸಿನ ಮರದ ಉದ್ದ ಬೆಂಚಿನಲ್ಲಿ ಐದು ಮಂದಿ ಕೂರಬಹುದು. ಅದರ ಮೇಲೆ 'ಪೆಲತ್ತಡ್ಕ' ಎಂದಿತ್ತು. ಅದರಲ್ಲಿ ಕೂರುವವನು ಆ ಮನೆಯ ಮೊಮ್ಮಗ ಶ್ಯಾಮ ಒಬ್ಬನೇ. ಚಾಪೆಯ ಮೇಲಿನ ನಾಲ್ವರೂ ಆ ಮನೆಯ ಗದ್ದೆಗಳನ್ನು ಗೇಣಿಗೆ ಮಾಡುವ ಒಕ್ಕಲುಗಳ ಮಕ್ಕಳು. ಒಕ್ಕಲಿನವರು ಧಣಿಗಳ ಸಮಕ್ಕೆ ಕೂರುವ ಕ್ರಮ ಇರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಯೂ ಇರಲಿಲ್ಲ.

"ನೀನು ಹೇಳಿ ಕೂರಿಸು," ಎಂದೆ.

"ಕೂರಿಸಿದರೆ ಒಂದೊಂದೇ ಬೆಂಚು ಮನೆಗೆ ನಡೀತದೆ. ಕೂರಿಸದಿದ್ದರೆ ಮಾನ್ಯತೆ ಇಲ್ಲ. ಉಳಿದವರು ಹೇಗಾದರೂ ಪುತ್ತೂರಿಗೆ ಹೋಗಿ ಪರೀಕ್ಷೆ ಕಟ್ಟಿಯಾರು. ಸುಂದರಿಯನ್ನು ಕಳಿಸುವವರು ಯಾರು? ಗಣಿತಕ್ಕೆ ಅವಳೇ ಮೊದಲು."

ಸುಂದರಿ ಆ ನಾಲ್ವರಲ್ಲಿ ಒಬ್ಬಳು.

ಸಂಜೆ ಪೆಲತ್ತಡ್ಕಕ್ಕೆ ಹೋದೆವು. ಮನೆಯ ಯಜಮಾನಿ ದೇವಕಿಯಮ್ಮ, ಅರುವತ್ತರ ಆಸುಪಾಸಿನವರು. ಗಂಡ ತೀರಿಕೊಂಡ ಮೇಲೆ ಜಾಗದ ಕಾರುಬಾರು ಅವರದೇ. ಶಾಲೆ ನಿಂತ ನೆಲವನ್ನು ಬಿಟ್ಟುಕೊಟ್ಟವರೂ ಅವರೇ. ಅಂಗಳದಲ್ಲಿ ನಿಂತು ಬುಟ್ಟಿಗಳನ್ನು ಎಣಿಸುತ್ತಿದ್ದರು. ನಮಗೆ ಬೆಲ್ಲ, ನೀರು ಬಂತು. ಸೀತಾರಾಮ ಸುತ್ತಿ ಬಳಸಿ ವಿಷಯಕ್ಕೆ ಬಂದ.

"ನಾನು ಯಾರಿಗಾದ್ರೂ ಕೂರ್ಬೇಡಿ ಅಂತ ಹೇಳಿದ್ದೇನಾ ಮಾಸ್ಟ್ರೇ?"

"ಇಲ್ಲ ಅಮ್ಮ."

"ಮತ್ತೆ ಎಂತ?"

"ಕೂತ್ಕೊಳ್ಳಿ ಅಂತಲೂ ಹೇಳ್ಲಿಲ್ಲ."

"ಅದನ್ನೂ ನಾನೇ ಹೇಳ್ಬೇಕಾ? ಸಂಬಳ ಇರುದು ನಿಮಗಾ, ನನಗಾ?" ಎಂದು ನಕ್ಕರು. ಸೀತಾರಾಮನೂ ನಕ್ಕ, ನಗಲೇಬೇಕಾಗಿತ್ತು. "ನಾಳೆ ಇನ್‌ಸ್ಪೆಕ್ಟ್ರ ಊಟ ನಮ್ಮಲ್ಲಿಂದ. ಬೆಳ್ಳುಳ್ಳಿ ಆಗ್ತದಾ ಕೇಳಿ ತಿಳಿಸಿ," ಎಂದು ಬುಟ್ಟಿಗಳ ಕಡೆ ತಿರುಗಿದರು. ಮಾತು ಮುಗಿದಿತ್ತು.

ಗುರುವಾರ ಇನ್ಸ್‌ಪೆಕ್ಟರು ಹತ್ತು ಗಂಟೆಗೆ ಬಂದರು. ಘಟ್ಟದ ಮೇಲಿನವರು, ಈ ಸೀಮೆಗೆ ಹೊಸಬರು. ಹುಣಿಯಲ್ಲಿ ನಡೆದು ಚಪ್ಪಲಿಯ ಬಾರು ಕಿತ್ತಿತ್ತು. ಬರಿಗಾಲಲ್ಲಿ ಪರಿಶೀಲನೆ ಮಾಡಿದರು. ಹಾಜರಿ, ನೀರಿನ ವ್ಯವಸ್ಥೆ, ಪುಸ್ತಕದ ಕಪಾಟು, ಎಲ್ಲ ನೋಡಿದರು. ಗ್ಲೋಬನ್ನು ಒಮ್ಮೆ ತಿರುಗಿಸಿ ಗುರುತು ಹಾಕಿಕೊಂಡರು. ಹತ್ತನೆಯ ತರಗತಿಗೆ ಹೋದಾಗ ನಾನು ಬಾಗಿಲ ಹೊರಗೆ ನಿಂತಿದ್ದೆ.

"ಯಾಕಮ್ಮ ಕೆಳಗೆ ಕೂತಿದ್ದೀಯ?" ಅವರು ಸುಂದರಿಯನ್ನು ಕೇಳಿದರು. ತೆಳ್ಳಗಿನ, ಎತ್ತರದ ಹುಡುಗಿ. ಎದ್ದು ನಿಂತಳು.

"ನನಗೆ ಇಲ್ಲೇ ಸರಿ ಆಗ್ತದೆ ಸರ್."

"ಈ ಬೆಂಚು ಖಾಲಿ ಇದೆಯಲ್ಲ?"

"ಅದು ಧಣಿಗಳ ಬೆಂಚು."

ಇನ್ಸ್‌ಪೆಕ್ಟರು ಸೀತಾರಾಮನ ಕಡೆ ನೋಡಿದರು. ಅವನು ಏನಾದರೂ ಸಮಜಾಯಿಷಿ ಕೊಡುತ್ತಾನೆಂದು ನಾನು ತಿಳಿದಿದ್ದೆ. ಅವನು, "ಹೌದು ಸರ್, ಬೆಂಚುಗಳು ಮನೆಯವರದ್ದು. ಶಾಲೆಯದ್ದು ಅಂತ ಒಂದೂ ಇಲ್ಲ," ಎಂದ. ದಣಿದು ಹೇಳಿದನೋ, ಧೈರ್ಯ ಮಾಡಿ ಹೇಳಿದನೋ ತಿಳಿಯಲಿಲ್ಲ. ಮುಂದೆ ಕೇಳಿದಾಗ ಅವನಿಗೂ ತಿಳಿದಿರಲಿಲ್ಲ.

"ಹಾಗಾದರೆ ನಾನು ಇಲ್ಲ ಅಂತಲೇ ಬರೀಬೇಕಾಗುತ್ತೆ." ಪೀಠೋಪಕರಣ ಎಂದಿದ್ದ ಕಡೆ ಅವರು ಬರೆದೇಬಿಟ್ಟರು.

ಊಟದ ಪಾತ್ರೆಗಳು ಆಗಲೇ ಜಗಲಿಗೆ ಬಂದಿದ್ದವು. ಹೊತ್ತು ತಂದವನು ಸುಂದರಿಯ ತಂದೆ ಬಾಬು, ಮುಂದೆ ದೇವಕಿಯಮ್ಮ. ಕೊನೆಯ ಮಾತು ಅವರ ಕಿವಿಗೆ ಬಿದ್ದಿತ್ತು.

"ಎಂತ ಇಲ್ಲ?" ಎಂದು ನೇರ ಒಳಗೆ ಬಂದರು. "ಇಷ್ಟು ಮನೆಯಿಂದ ಬೆಂಚು ಬಂದಿದೆ. ಇಲ್ಲ ಅಂತ ಬರೆಯುದು ಹೇಗೆ ಸ್ವಾಮಿ? ಕಣ್ಣಿಗೆ ಕಾಣುದಿಲ್ವಾ?"

"ಕಾಣುತ್ತೆ ಅಮ್ಮ. ಹೆಸರೂ ಕಾಣುತ್ತೆ. ಇದು ಮನೆಯದ್ದು. ಶಾಲೆಯದ್ದಾದರೆ ಆ ಮಗು ಯಾಕೆ ನೆಲದಲ್ಲಿ?"

ದೇವಕಿಯಮ್ಮ ಸುಂದರಿಯನ್ನು ನೋಡಿದರು. ದಿನಾ ಅಂಗಳದಲ್ಲಿ ಕಾಣುವ ಹುಡುಗಿಯೇ.

"ನಮ್ಮ ಮನೆಯ ಬೆಂಚಾದ್ರೆ ಯಾರು ಕೂರುದು ಅಂತ ಹೇಳುವವಳು ನಾನು. ಹೋಗು ಹೆಣ್ಣೇ, ಕೂತ್ಕೋ."

ಸುಂದರಿ ಅಲ್ಲಾಡಲಿಲ್ಲ. ಬಾಗಿಲಲ್ಲಿ ಬಾಬು, ಹೆಗಲ ಬೈರಾಸು ವಸ್ತ್ರವನ್ನು ಕೈಗೆ ತೆಗೆದುಕೊಂಡು, ಮಗಳಿಗೆ ಕಣ್ಣಲ್ಲೇ ಏನೋ ಹೇಳಿದ. ಕೂರು ಎಂದೋ, ಬೇಡ ಎಂದೋ. ಆಮೇಲೆ ಅವಳು ಕೇಳಿದಳು, ದೊಡ್ಡ ಸ್ವರದಲ್ಲಲ್ಲ.

"ನಾಳೆಗೂ ಉಂಟಾ ಅಮ್ಮ?"

ನೋಟುಪುಸ್ತಕದಲ್ಲಿ ಈ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ, ಮುಂದೆ ಏನೂ ಬರೆದಿಲ್ಲ. ದೇವಕಿಯಮ್ಮ ಆಗ ಒಂದು ದೊಡ್ಡ ಮಾತು ಆಡಿದರೆಂದು ಆ ಊರಿನಲ್ಲಿ ಈಗ ಹೇಳುತ್ತಾರಂತೆ, ವಿದ್ಯೆಗೆ ಧಣಿ ಒಕ್ಕಲು ಇಲ್ಲ ಎಂದೋ ಏನೋ. ನಾನು ಕೇಳಲಿಲ್ಲ. ನನಗೆ ಕೇಳಿಸಿದ್ದು ಶ್ಯಾಮ ಬೆಂಚಿನ ತುದಿಗೆ ಸರಿದ ಸದ್ದು. ದೇವಕಿಯಮ್ಮ ಬಾಬುವಿನ ಕಡೆ ಕೈ ಚಾಚಿ, "ಕತ್ತಿ ಕೊಡು," ಎಂದರು.

ಅವನ ಸೊಂಟದ ಕೊಕ್ಕೆಯಲ್ಲಿ ಸೊಪ್ಪು ಕಡಿಯುವ ಕತ್ತಿ ಇತ್ತು, ಆ ಕಡೆ ತೋಟದ ಕೆಲಸದವರೆಲ್ಲರ ಸೊಂಟದಲ್ಲೂ ಇರುವ ಹಾಗೆ. ಅವನು ಹಿಡಿಯನ್ನು ಮುಂದೆ ಮಾಡಿ ಕೊಟ್ಟ. ದೇವಕಿಯಮ್ಮ ಒರಗುವ ಹಲಗೆಯ ಮೇಲೆ ಬಾಗಿ ತಮ್ಮ ಮನೆಯ ಹೆಸರನ್ನು ಕೆರೆಯತೊಡಗಿದರು. ಹಲಸಿನ ಮರ ಗಟ್ಟಿ, ಆಚಾರಿ ಆಳವಾಗಿಯೇ ಕೆತ್ತಿದ್ದ. ಒಂದು ಅಕ್ಷರಕ್ಕೆ ಬಹಳ ಹೊತ್ತು ಹಿಡಿಯಿತು.

"ಇದಕ್ಕೆ ಸಾಣೆ ಹಿಡಿಸಿ ಎಷ್ಟು ವರ್ಷ ಆಯ್ತು ಮಾರಾಯ?"

"ಹೋದ ವಾರ ಹಿಡಿಸಿದ್ದು ಧಣಿ. ಹೆಸರು ಗಟ್ಟಿ ಉಂಟು," ಎಂದ ಬಾಬು.

ಮಕ್ಕಳು ನಕ್ಕರು. ಇನ್ಸ್‌ಪೆಕ್ಟರೂ ನಕ್ಕರು. ದೇವಕಿಯಮ್ಮ ನಗಲಿಲ್ಲ; ಎರಡನೆಯ ಅಕ್ಷರವೂ ಹೋದ ಮೇಲೆ ಕತ್ತಿಯನ್ನು ಸೀತಾರಾಮನ ಕೈಗೆ ಕೊಟ್ಟರು. "ಉಳಿದದ್ದು ನೀವು ಮಾಡಿ. ಸಂಬಳ ನಿಮಗೆ ಉಂಟಲ್ಲ." ಸೆರಗಿಗೆ ಅಂಟಿದ ಮರದ ಹೊಟ್ಟನ್ನು ಕೊಡವಿ ಊಟ ಬಡಿಸಲು ಹೋದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಬಾಳೆದಿಂಡಿನ ಪಲ್ಯ, ಮಜ್ಜಿಗೆ. ಇನ್ಸ್‌ಪೆಕ್ಟರು ಊಟವಾದ ಮೇಲೆ 'ಇಲ್ಲ' ಎಂದು ಬರೆದದ್ದರ ಮೇಲೆ ಗೆರೆ ಎಳೆದರು. ಅದರ ಬದಲು ಏನು ಬರೆದರೋ ನಾನು ನೋಡಲಿಲ್ಲ.

ಮೂರರ ಬಸ್ಸು ಹಿಡಿಯಬೇಕಿತ್ತು. ಹೊರಡುವಾಗ ಕಿಟಕಿಯಿಂದ ನೋಡಿದೆ. ಸುಂದರಿ ಹಲಸಿನ ಬೆಂಚಿನ ಇನ್ನೊಂದು ತುದಿಯಲ್ಲಿದ್ದಳು, ಅರ್ಧ ಕೂತು, ಒಂದು ಕಾಲು ಹೊರಗಿಟ್ಟು, ಯಾವ ಕ್ಷಣದಲ್ಲೂ ಏಳಬಹುದು ಎಂಬಂತೆ. ಅವಳಿಗೂ ಶ್ಯಾಮನಿಗೂ ನಡುವೆ ಮೂವರು ಕೂರುವಷ್ಟು ಜಾಗ. ಉಳಿದ ಮೂವರು ಇನ್ನೂ ಚಾಪೆಯ ಮೇಲೆಯೇ ಇದ್ದು, ಅವಳಿಗೆ ಏನಾಗುತ್ತದೆಂದು ನೋಡುತ್ತಿದ್ದರು. ಹುಣಿಯಲ್ಲಿ ನನಗಿಂತ ಮುಂದೆ ದೇವಕಿಯಮ್ಮ ಹೋಗುತ್ತಿದ್ದರು. ಬಾಬು ಖಾಲಿ ಪಾತ್ರೆ ಹೊತ್ತು ಬೆಳಿಗ್ಗೆ ಬಂದಷ್ಟೇ ಹಿಂದೆ ಇದ್ದ. ಆ ದೂರ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ.

ಪುತ್ತೂರಿನಿಂದ ಮಂಗಳೂರಿಗೆ ಸಿಕ್ಕಿದ್ದು ಹಿಂದಿನ ದಿನ ಬಂದ ಬಸ್ಸೇ, ಅದೇ ಕಂಡಕ್ಟರು. ಖಾಲಿ ತೊಡೆಯನ್ನು ನೋಡಿ ಕೇಳಿದ: "ಭೂಮಿಯನ್ನು ಎಲ್ಲಿ ಬಿಟ್ಟಿರಿ?"

"ಕಾಣಿಯೂರಲ್ಲಿ."

"ಶಾಲೆ ಪಾಸಾ?"

"ಗೊತ್ತಿಲ್ಲ," ಎಂದೆ. ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಸೀತಾರಾಮನ ಕಾರ್ಡು ಬಂತು. ಮಾನ್ಯತೆ ಸಿಕ್ಕಿದೆ, ಹನ್ನೊಂದು ಮಂದಿಯೂ ಪರೀಕ್ಷೆಗೆ ಕಟ್ಟಿದ್ದಾರೆ. ಉಳಿದ ಬೆಂಚುಗಳ ಹೆಸರುಗಳಲ್ಲಿ ಎರಡು ಮಾತ್ರ ಇನ್ನೂ ಹಾಗೆಯೇ ಇವೆ. ಪೆಲತ್ತಡ್ಕದ ಕೊನೆಯ ಅಕ್ಷರ ಅವನಿಂದಲೂ ಪೂರ್ತಿ ಹೋಗಲಿಲ್ಲ. ಜಾಗ ಸಾಲದೆ ಕಾರ್ಡಿನ ಅಂಚಿನಲ್ಲಿ ಅಡ್ಡವಾಗಿ ಬರೆದಿದ್ದ: "ನಿನ್ನೆ ಸುಂದರಿಯೂ ಶ್ಯಾಮನೂ ಬೆಂಚಿನಲ್ಲಿ ಜಾಗಕ್ಕಾಗಿ ಜಗಳ ಮಾಡಿದರು. ಮೊದಲು ನೂಕಿದ್ದು ಅವಳು. ಇಬ್ಬರನ್ನೂ ಹೊರಗೆ ನಿಲ್ಲಿಸಿದೆ."

ಈ ಪ್ರಯಾಣದಲ್ಲಿ ನಾನು ಕಣ್ಣಾರೆ ಕಾಣದೆ ನಂಬಿದ್ದು ಈ ಜಗಳವೊಂದನ್ನೇ.