ಆಯಿ ನನ್ನನ್ನು ಕರೆದೊಯ್ಯಲು ಬಂದಾಗ

ಉದಗೀರದಲ್ಲಿ ಚಳಿಗಾಲ ಬಂತೆಂದರೆ ಹೊಸ ಬಟ್ಟೆಯ ಗಂಜಿ, ಮಶೀನಿನ ಎಣ್ಣೆ, ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿ, ಈ ಮೂರರ ವಾಸನೆಯೂ ಕೂಡಿಯೇ ಮೂಗಿಗೆ ಬರುತ್ತಿದ್ದ ಕಾಲ ಅದು. ನನಗೆ ಏಳೋ ಎಂಟೋ ವರ್ಷ. ಸ್ಟೇಶನ್ ಹತ್ತಿರದ ಓಣಿಯಲ್ಲಿ ಮಾರ್ಥಾಬಾಯಿಯವರ ಮನೆ. ಗಂಡ ಬಿಟ್ಟವರು, ಗಂಡ ಸತ್ತವರು, ಹೊಡೆತ ತಾಳದೆ ಓಡಿ ಬಂದವರು ಅಲ್ಲಿದ್ದು ಹೊಲಿಗೆ ಕಲಿಯುತ್ತಿದ್ದರು. ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದ ಅವರು ಏಸುವನ್ನು ನಂಬಿದವರು. ಮನೆಯ ಖರ್ಚು ಅವರ ಚರ್ಚಿನ ಹೆಂಗಸರದು. ನಾವು ಯೆಣೆಗೂರಿನ ಲಿಂಗವಂತರು. ಅಪ್ಪ ಇನ್ನೊಬ್ಬಳನ್ನು ತಂದುಕೊಂಡು ನಮ್ಮನ್ನು ಹೊರಗೆ ಹಾಕಿದ ಮೇಲೆ ಅವ್ವ ನನ್ನ ಕೈ ಹಿಡಿದು ಬಸ್ ಹತ್ತಿದ್ದಳು.

ನನ್ನ ರಾಜ್ಯ ಕಟಿಂಗ್ ಟೇಬಲ್ಲಿನ ಕೆಳಗೆ. ಚಿಂದಿಯ ರಾಶಿಯೇ ಹಾಸಿಗೆ. ಮೇಲಿಂದ ಇಳಿಬಿದ್ದ ಬಟ್ಟೆ ಕೆಂಪಾದರೆ ನನ್ನ ಲೋಕವೆಲ್ಲ ಕೆಂಪು, ಹಸಿರಾದರೆ ಹಸಿರು. ದಾರ ಮುಗಿದ ರೀಲುಗಳನ್ನು ಗಜ್ಜುಗದ ಕಾಯಿಯ ಹಾಗೆ ತೂರಿ ಆಡುತ್ತ ಆಡುತ್ತ ಅಲ್ಲೇ ಜೊಂಪು ಹತ್ತುತ್ತಿತ್ತು. ಮಶೀನುಗಳೆಲ್ಲ ಒಮ್ಮೆಗೇ ಓಡಿದರೆ ರೈಲಿನಲ್ಲಿ ಎಲ್ಲಿಗೋ ಹೋಗುತ್ತಿದ್ದೇನೆ ಅನಿಸುತ್ತಿತ್ತು. ಹೆಂಗಸರ ಮಾತು, ಮರಾಠಿ ಭಜನೆ, ನನ್ನ ಕನಸು ಎಲ್ಲ ಕಲಸಿಹೋಗುತ್ತಿದ್ದವು. ಅಯ್ಯೋ, ಅಂಥ ನಿದ್ದೆ ಆಮೇಲೆ ಯಾವ ಮೆತ್ತೆಯ ಹಾಸಿಗೆಯಲ್ಲೂ ಬಂದಿಲ್ಲ ನೋಡಿ.

ಬೆಳಿಗ್ಗೆ ಮಾತ್ರ ಎಲ್ಲರೂ ಅವ್ವನಿಗಾಗಿ ಕಾಯಬೇಕಿತ್ತು. ಅವಳು ಮೂಲೆಯಲ್ಲಿ ಕೂತು, ವಿಭೂತಿ ಧರಿಸಿ, ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಅವಳು ಪಂಕ್ತಿಗೆ ಬರುವ ತನಕ ಬಾಯಾರು ಊಟದ ಮುಂಚಿನ ಪ್ರಾರ್ಥನೆ ಶುರು ಮಾಡುತ್ತಿರಲಿಲ್ಲ. ನಿಲಂಗಾದ ಶಾಂತಕ್ಕನಿಗೆ ಹಸಿವು ತಡೆಯದು. "ಲಗೂ ಮುಗಸs ಮಾದೇವಿ, ನಿಮ್ಮ ಶಿವಾ ಎದ್ದಾನ, ನನ್ನ ಹೊಟ್ಟೀನೂ ಎದ್ದು ಕುಂತದ!" ಎಂದು ಕೂಗುತ್ತಿದ್ದಳು. ಅವ್ವ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು.

ಒಂದು ದಿನ ಅವ್ವ ಮಶೀನಿನ ಮೇಲೆ ಬಾಗಿದಾಗ ಕೊರಳಲ್ಲಿ ಲಿಂಗ ತೂಗುವ ಶಿವದಾರ ಚಕ್ರಕ್ಕೆ ಸುತ್ತಿಕೊಂಡಿತು. ಇನ್ನೊಂದು ತುಳಿತ ತುಳಿದಿದ್ದರೆ ದಾರ ಹರಿದು ಲಿಂಗ ನೆಲಕ್ಕೆ ಬೀಳುತ್ತಿತ್ತು. ಲಿಂಗ ಮೈ ಬಿಟ್ಟು ಹೋದರೆ ನಮ್ಮವರಿಗೆ ಪ್ರಾಣವೇ ಹೋದಂತೆ. ಅವ್ವ ಒಂದು ಕೈಯಲ್ಲಿ ಲಿಂಗವನ್ನು ಅವಚಿಕೊಂಡು ಇನ್ನೊಂದು ಕೈಯಲ್ಲಿ ದಾರ ಬಿಡಿಸಿದಳು.

"ಹೊಲಿಯೋವಾಗ ಕಪಾಟ್ನಾಗ ಇಡು ಮಾದೇವಿ, ಯಾರೂ ಮುಟ್ಟಂಗಿಲ್ಲ" ಎಂದರು ಬಾಯಾರು, ಪಾಪ, ಗೊತ್ತಿಲ್ಲದೆ.

"ಜೀವಾ ತಗದು ಕಪಾಟ್ನಾಗ ಇಟ್ಟರ ಹೊಲಿಯಾವ್ರು ಯಾರ್ರೀ ಬಾಯಾರ?" ಎಂದಳು ಅವ್ವ.

ಅವತ್ತಿನಿಂದ ಅವಳು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡಳು, ಕುಪ್ಪಸದ ತೋಳಿನೊಳಗೆ. ಕೊರಳು ಬರಿದಾಗಿ ಕಂಡಿತು. ಸಂತೆಗೆ ಬಂದ ನಮ್ಮೂರಿನವರ ಕಣ್ಣಿಗೆ ಬೀಳಲು ಅಷ್ಟು ಸಾಕಲ್ಲ! ಮಾದೇವಿ ಲಿಂಗ ತೆಗೆದೊಗೆದು ಕಿರಸ್ತಾನಳಾದಳು ಎಂದು ಊರೆಲ್ಲ ಸುದ್ದಿ.

ಬಾಗಿಲಿಗೆ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ತೂಗುಹಾಕಿದ್ದ ದಿನ ಅಪ್ಪನ ತಮ್ಮ, ನನ್ನ ಕಾಕಾ ಬಂದ. ಜೊತೆಗೆ ಅಪ್ಪನ ತಾಯಿ, ನನ್ನ ಆಯಿ. ಊರಿನಲ್ಲಿ ನಾನು ಮಲಗುತ್ತಿದ್ದುದು ಆಯಿಯ ಬೆನ್ನಿಗೆ ಅಂಟಿಕೊಂಡೇ. ಅವಳ ಸೆರಗಿನ ಗಂಟಿನಲ್ಲಿ ನನಗೆಂದು ತಂದ ಸೀತನಿ ಇತ್ತು, ಸುಟ್ಟ ಹಸಿ ಜೋಳದ ಘಮ ಅಂಗಳದ ತನಕ ಬಂತು. ನಾನು ಓಡಿದೆ. ಕಾಕಾ ಗಬಕ್ಕನೆ ನನ್ನ ಕೈ ಹಿಡಿದ.

"ವೈನಿ, ಹುಡುಗೀನ ಕರ್ಕೊಂಡು ಹೋಗ್ಲಾಕ ಬಂದೀವಿ. ನೀವು ಬೇಕಾದ್ದು ಆಗ್ರಿ. ನಮ್ಮ ಹುಡುಗಿ ಇಲ್ಲಿ ಬೆಳಿಯಾದು ಬ್ಯಾಡ" ಎಂದ ಅತ್ತಿಗೆಗೆ.

ಕುಪ್ಪಸದ ತೋಳು ಸ್ವಲ್ಪ ಮೇಲೆ ಸರಿಸಿದ್ದರೆ ಮುಗಿಯುತ್ತಿತ್ತು. ಅವ್ವ ಸರಿಸಲಿಲ್ಲ. ಬಾಯಾರು ಏನೋ ಹೇಳಹೋದರು, ಅವ್ವ ಕೈ ಅಡ್ಡ ಹಿಡಿದಳು.

"ನಿಮ್ಮಣ್ಣ ನನಗ ಹೊರಗ ಹಾಕಿದಾಗ ನನ್ನ ಕೊಳ್ಳಾಗ ಲಿಂಗ ಇತ್ತು. ಅವಾಗ ಯಾರೂ ನೋಡ್ಲಿಲ್ಲ. ಇವತ್ತ ನಾ ಯಾಕ ತೋರಸ್ಲಿ?"

ಕಾಕಾ ನನ್ನನ್ನು ಎಳೆದ. ನಾನು ಅವ್ವನ ಸೀರೆ ಹಿಡಿದು ಅರಚಿದೆ. ಒಳಗೆ ಮಶೀನುಗಳೆಲ್ಲ ನಿಂತವು. ಆಯಿಗೂ ಸಿಟ್ಟು ನೆತ್ತಿಗೇರಿತ್ತು. ಅವ್ವನ ತೋಳು ಹಿಡಿದು ಅಲುಗಾಡಿಸಿದಳು. "ಏನ ಕಡಿಮಿ ಆಗಿತ್ತs ನಿನಗ? ನಮ್ಮ ದೇವ್ರು ಏನ ಮಾಡಿದ್ದ..."

ಅವಳ ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು.

ಆಯಿಯ ಬೆರಳುಗಳು ಕುಪ್ಪಸದ ಮೇಲೆಯೇ ಆ ಗುಂಡನೆಯ ಗಂಟನ್ನು ಮೆಲ್ಲಗೆ ಸವರಿದವು. ಅವಳು ಅವ್ವನ ಮುಖ ನೋಡಿದಳು. ಅವ್ವನೂ ನೋಡಿದಳು, ಕಣ್ಣು ತುಂಬಿಕೊಂಡು. ಆಯಿ ಕೈ ಹಿಂದಕ್ಕೆ ತೆಗೆದು ಕಣ್ಣಿಗೊತ್ತಿಕೊಂಡಳು.

"ಹುಡುಗಿ ಕೈ ಬಿಡು" ಎಂದಳು ಕಾಕಾನಿಗೆ.

"ಯವ್ವಾ, ನಿನಗೇನಾಯ್ತು?"

"ಬಿಡಂದ್ರ ಬಿಡು. ತಾಯಿ ಬಲ್ಲಿ ಇರ್ಲಿ."

"ನೀನs ಅಲ್ಲ ಅಂದಾಕಿ, ಕರ್ಕೊಂಡು ಬರಮು, ಹುಡುಗಿ ಇಲ್ಲದ ನನಗ ನಿದ್ದಿ ಹತ್ತವಲ್ದು ಅಂತ?"

"ನಿದ್ದಿ ಹತ್ತಲಿಲ್ಲಂದ್ರ ಎಚ್ಚರ ಇರ್ತೀನಿ."

ಕಾಕಾ ಕೈ ಬಿಟ್ಟ. ಸಿಟ್ಟಿನಿಂದ ದಡದಡನೆ ಓಣಿಗೆ ಇಳಿದ. ತಾನು ಕಂಡದ್ದನ್ನು ಆಯಿ ಮಗನಿಗೆ ಹೇಳಲಿಲ್ಲ. ಸೊಸೆ ಬಾಯಿಬಿಟ್ಟು ಹೇಳದ್ದನ್ನು ತಾನೇಕೆ ಹೇಳಬೇಕು ಅಂದುಕೊಂಡಿರಬೇಕು. "ಒಂದ ಗುಟುಕು ನೀರ ಕೊಡ್ರಿ ಬಾಯಾರ" ಎಂದು ಬಾಯಾರ ಕೈಯಿಂದ ತಂಬಿಗೆ ಇಸಿದುಕೊಂಡು ನಿಂತಲ್ಲೇ ಕುಡಿದಳು.

ಮಾತು ಕೇಳದ ತಾಯಿಯನ್ನು ಕಾಕಾ ಮತ್ತೆ ಕರೆತರಲಿಲ್ಲ. ಒಬ್ಬಳೇ ಬರೋಣವೆಂದರೆ ಅವಳಿಗೆ ಬಸ್ಸಿನ ಬೋರ್ಡು ಓದಲು ಬಾರದು. ಮಳೆಗಾಲಕ್ಕೆ ಮುಂಚೆಯೇ ಆಯಿ ತೀರಿಹೋದಳೆಂದು ಸಂತೆಯವರು ಹೇಳಿದರು.

ಬಾಯಾರು ಈಗಿಲ್ಲ. ಅವರ ಮನೆಯಿದ್ದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಅವ್ವ ನಿಲಂಗಾದಲ್ಲಿ ಹೊಲಿಗೆ ಅಂಗಡಿ ಇಟ್ಟು ನನ್ನನ್ನು ಓದಿಸಿದಳು, ಮದುವೆ ಮಾಡಿದಳು, ನನ್ನ ಮಕ್ಕಳನ್ನೂ ಎತ್ತಿ ಆಡಿಸಿದಳು. ಅವಳು ನನಗೆ ಇಡಿಯಾಗಿ ದಕ್ಕಿದ್ದು ಆಯಿಯಿಂದ. ಆ ಮುದುಕಿ ಓಣಿ ದಾಟಿ ಹೋಗುವಾಗ ಹಿಂದಿರುಗಿ ನೋಡಿದಳಂತೆ, ನಿಂತಳಂತೆ. ಅವ್ವ ಎಷ್ಟೋ ಸಲ ಹೇಳಿದ್ದಾಳೆ. ಎಲ್ಲಿ ಮತ್ತೆ ಎಳೆದುಕೊಂಡು ಹೋಗುತ್ತಾರೋ ಎಂದು ನಾನು ಅವ್ವನ ಸೀರೆಯಲ್ಲಿ ಮುಖ ಹುದುಗಿಸಿಕೊಂಡಿದ್ದೆ. ಆಗಿನ ಆಯಿಯ ಮುಖ ನಾನು ನೋಡಲೇ ಇಲ್ಲ.