ಮೊಣಕೈಯಿಂದ ತಿರುಗಿಸುವ ನಲ್ಲಿ

ಆ ನಲ್ಲಿಗೆ ಗೇಣುದ್ದದ ಹಿಡಿ ಇದೆ. ಬೆರಳು ತಾಗಿಸದೆ ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರೆ ನೀರು ಬರುತ್ತದೆ, ವಾಪಸ್ಸು ತಳ್ಳಿದರೆ ನಿಲ್ಲುತ್ತದೆ. ಆಪರೇಷನ್ ಥಿಯೇಟರಿನ ಹೊರಗೆ, ಡಾಕ್ಟರುಗಳು ಕೈ ತೊಳೆಯುವ ಕಡೆ ಇರುವಂಥದ್ದು. ನಮ್ಮದು ಇರುವುದು ಅರಸೀಕೆರೆಯ ಮನೆಯಲ್ಲಿ, ರಸ್ತೆ ಕಡೆಯ ಕೋಣೆಯಲ್ಲಿ.

ನಾನು ಎಂ.ಬಿ.ಬಿ.ಎಸ್. ಎರಡನೇ ವರ್ಷದಲ್ಲಿದ್ದಾಗ ಅಪ್ಪಾಜಿ ಅದನ್ನು ಹಾಕಿಸಿದರು. ಅವರದು ಕೊಬ್ಬರಿ ವ್ಯಾಪಾರ. ಅಲ್ಲಿಯತನಕ ಆ ಕೋಣೆಯಲ್ಲಿ ಮೂಟೆಗಳಿದ್ದವು. ರಜೆಗೆ ಬಂದಾಗ ಮೂಟೆಗಳು ಮಂಡಿಗೆ ಹೋಗಿ, ಗೋಡೆಗೆ ಎದೆಮಟ್ಟದವರೆಗೆ ಬಿಳಿ ಟೈಲ್ಸ್ ಬಂದಿತ್ತು. ಪ್ಲಂಬರ್ ನನ್ನನ್ನು ನಿಲ್ಲಿಸಿ, ಕೈ ಮಡಚಲು ಹೇಳಿ, ಮೊಣಕೈಯ ಎತ್ತರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡ. ಕೋಣೆಯಲ್ಲಿ ಇವತ್ತಿಗೂ ಸ್ವಲ್ಪ ಕೊಬ್ಬರಿ ವಾಸನೆ ಉಳಿದಿದೆ.

ಯಾವ ವಿಭಾಗದ ಡಾಕ್ಟರಾಗುತ್ತೀಯೆಂದು ಆಗ ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ನಮ್ಮ ಕಡೆ ಹೆಣ್ಣುಮಗಳು ಡಾಕ್ಟರಾದರೆ ಹೆರಿಗೆ ಮಾಡಿಸುತ್ತಾಳೆ, ಅಷ್ಟೇ. ಮಂಡಿಯಲ್ಲಿ ಅಪ್ಪಾಜಿಯ ಪಕ್ಕದ ಅಂಗಡಿಯವರು ನನ್ನನ್ನು ಕಂಡಾಗಲೆಲ್ಲ, "ಬೇಗ ಓದು ಮುಗ್ಸವ್ವ, ನನ್ ಸೊಸೆ ಕಾಯ್ಕಂಡು ಕೂತವ್ಳೆ" ಎನ್ನುತ್ತಿದ್ದರು. ಆ ಸೊಸೆಗೆ ಎರಡು ಮಕ್ಕಳಾಗಿ, ದೊಡ್ಡದು ಈಗ ಶಾಲೆಗೆ ಹೋಗುತ್ತಿದೆ. ಅವರು ಮಾತು ಬದಲಿಸಿಲ್ಲ.

ನಲ್ಲಿ ಬಂದ ವರ್ಷವೇ ನನಗೆ ಮೈಕ್ರೋಸ್ಕೋಪ್ ಸಿಕ್ಕಿದ್ದು. ಎರಡನೇ ವರ್ಷದಲ್ಲಿ ಪೆಥಾಲಜಿ ಇರುತ್ತದೆ. ಮೈಯಿಂದ ತೆಗೆದ ಚೂರನ್ನೋ ರಕ್ತವನ್ನೋ ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಯಾವ ರೋಗ ಎಂದು ಓದುವುದು. ಮೊದಲ ದಿನ ನೋಡಿದ್ದು ಥೈರಾಯ್ಡ್ ಗ್ರಂಥಿಯ ತೆಳು ಪದರ. ಗುಲಾಬಿ ಬಣ್ಣ ತುಂಬಿದ ಪುಟ್ಟ ಪುಟ್ಟ ಕೊಳಗಳು, ಪ್ರತಿಯೊಂದರ ಸುತ್ತ ಒಂದೇ ಸಾಲು ಜೀವಕೋಶಗಳು. ತಲೆ ಎತ್ತಿದಾಗ ಬ್ಯಾಚಿನವರೆಲ್ಲ ಊಟಕ್ಕೆ ಹೋಗಿದ್ದರು.

ಇದನ್ನೇ ಓದುತ್ತೇನೆಂದು ಯಾರಿಗೂ ಹೇಳಲಿಲ್ಲ. ಹಾಸ್ಟೆಲಿನಲ್ಲಿ ವಿಭಾಗಗಳ ಬಗ್ಗೆ ವಾದ ನಡೆದೇ ಇರುತ್ತಿತ್ತು. ಮೇಲಿನ ರ‍್ಯಾಂಕಿನವರು ಸ್ಕ್ಯಾನಿಂಗಿಗೆ, ತೋಳಿನಲ್ಲಿ ಶಕ್ತಿಯಿದ್ದ ಹುಡುಗರು ಮೂಳೆಗೆ, ಹುಡುಗಿಯರು ಚರ್ಮಕ್ಕೆ ಇಲ್ಲವೇ ಹೆರಿಗೆಗೆ. ಪೆಥಾಲಜಿ ಬೇರೇನೂ ಸಿಗದವರಿಗೆ. ನನ್ನ ಆಸೆ ಮುಚ್ಚಿಟ್ಟುಕೊಳ್ಳುವುದು ಕಷ್ಟವಾದದ್ದು ಇಂಟರ್ನ್‌ಶಿಪ್ಪಿನಲ್ಲಿ. ಹೆರಿಗೆ ವಾರ್ಡಿನಲ್ಲಿ ನನ್ನ ಕೈ ಚೆನ್ನಾಗಿತ್ತು. ಹೊಲಿಗೆ ಸಮವಾಗಿ ಬೀಳುತ್ತಿತ್ತು, ನೋವಿನಲ್ಲಿದ್ದವರು ನನ್ನ ಮಾತು ಕೇಳುತ್ತಿದ್ದರು. ಯೂನಿಟ್ಟಿನ ಮುಖ್ಯಸ್ಥೆ ಅದನ್ನು ನನ್ನನ್ನು ನೋಡಲು ಬಂದಿದ್ದ ಅಪ್ಪಾಜಿಯ ಎದುರಿಗೇ ಹೇಳಿಬಿಟ್ಟರು. ಆ ವಾರವೇ ಕೋಣೆಗೆ ಪರೀಕ್ಷೆಯ ಮೇಜು, ಡಾಕ್ಟರರ ಕುರ್ಚಿ, ರೋಗಿಗೆ ಒಂದು ಸ್ಟೂಲು ಬಂದವು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಅವರು ಬಿಡಲಿಲ್ಲ. ನಿನ್ನ ಹೆಸರಿನ ಬೋರ್ಡ್ ಹಾಕಿದ ದಿನ ತೆಗೆಯೋಣ ಎಂದರು.

ಓದು ಮುಗಿದ ಮೇಲೆ ಒಂದು ವರ್ಷ ಹಳ್ಳಿಯಲ್ಲಿ ಸರ್ಕಾರಿ ಸೇವೆ ಮಾಡಬೇಕು. ನನಗೆ ಹಳೇಬೀಡಿನ ಹತ್ತಿರದ ಒಂದು ಆರೋಗ್ಯ ಕೇಂದ್ರ ಸಿಕ್ಕಿತು. ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ ಹತ್ತಿದರೆ ಜಾವಗಲ್‌ನಲ್ಲಿ ಅರ್ಧ ಬಸ್ ಖಾಲಿಯಾಗಿ ಮತ್ತೆ ತುಂಬುತ್ತದೆ. ಅಲ್ಲಿಂದಾಚೆ ನನ್ನ ಪಕ್ಕ ಕೂತವರು ಒಂದಿಲ್ಲೊಂದು ಕಾಯಿಲೆ ಹೇಳಿಕೊಳ್ಳುತ್ತಿದ್ದರು. ಕೇಂದ್ರದಲ್ಲಿ ನನಗಿಂತ ಹಿರಿಯರಾದ ವೈದ್ಯರೊಬ್ಬರಿದ್ದರು. ಒಳ್ಳೆಯವರು. ಆದರೂ ಹೆಂಗಸರು ಚೀಟಿ ಮಾಡಿಸಿ, ಅವರ ಬಾಗಿಲು ದಾಟಿ, ನನ್ನ ಬಾಗಿಲಿಗೆ ಬಂದು ಕೂರುತ್ತಿದ್ದರು.

ಹಾಗೆ ಬಂದವರಲ್ಲಿ ಬಸ್ತಿಹಳ್ಳಿಯ ಒಬ್ಬ ಅಜ್ಜಿ. ಮುಟ್ಟು ನಿಂತು ಹದಿನೈದು ವರ್ಷವಾದ ಮೇಲೆ ಅವರಿಗೆ ಮತ್ತೆ ರಕ್ತ ಹೋಗುತ್ತಿತ್ತು. ಒಂದು ವರ್ಷದಿಂದ ಹೋಗುತ್ತಿದೆ ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಗಂಡು ಡಾಕ್ಟ್ರ ಮುಂದೆ ಹೆಂಗವ್ವ ಬಾಯಿ ಬಿಡೋದು? ಯಾರಾದ್ರೂ ಹೆಣ್ಣುಮಗಳು ಬರ್ಲಿ ಅಂತ ಕಾಯ್ತಿದ್ದೆ."

ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ ಎಂದೆ, ಒಪ್ಪಲಿಲ್ಲ. ಅವರು ಒಪ್ಪಿದ್ದು ಒಂದಕ್ಕೇ: ಗರ್ಭಕೋಶದ ಬಾಯಿಂದ ಸ್ವಲ್ಪ ದ್ರವ ತೆಗೆದು ಗಾಜಿಗೆ ಸವರಿ ಪರೀಕ್ಷೆಗೆ ಕಳಿಸುವುದು. ಅದೂ ನಾನೇ ಮಾಡುವುದಾದರೆ ಮಾತ್ರ. ಸವರಿದ ತಕ್ಷಣ ಗಾಜನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಬೇಕು. ತಡವಾದರೆ ಜೀವಕೋಶಗಳು ಒಣಗಿ ಗುರುತು ಸಿಗದಂತಾಗುತ್ತವೆ. ಫೈನಲ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳಿದ್ದೆ. ಅವತ್ತು ಮಾತ್ರ ಸ್ಪಿರಿಟ್ ಬಾಟಲಿಯ ಮುಚ್ಚಳ ಮೊದಲೇ ತೆಗೆದಿಟ್ಟುಕೊಂಡಿರಲಿಲ್ಲ. ಅದು ಬಿಗಿದುಕೊಂಡಿತ್ತು, ಗ್ಲೌಸ್ ಒದ್ದೆಯಾಗಿ ಜಾರುತ್ತಿತ್ತು. ನರ್ಸಮ್ಮ ಪಕ್ಕದ ಕೋಣೆಯಿಂದ ಬಂದು ತೆಗೆದುಕೊಡುವಷ್ಟರಲ್ಲಿ ಗಾಜು ಒಣಗಿತ್ತು. ಗೊತ್ತಿದ್ದೂ ಅದನ್ನೇ ಕಳಿಸಿದೆ. ಅಜ್ಜಿಯನ್ನು ಮತ್ತೆ ಮಲಗಿಸಲು ನನಗೆ ಬಾಯಿ ಬರಲಿಲ್ಲ.

ಮೂರು ವಾರದ ಮೇಲೆ ವರದಿ ಬಂತು: ಮಾದರಿ ಒಣಗಿದೆ, ಓದಲಾಗದು, ಮತ್ತೆ ಕಳಿಸಿ. ಅಜ್ಜಿಯ ಸೊಸೆಗೆ ಫೋನ್ ಮಾಡಿ, ಮಾದರಿ ಸರಿಯಾಗಿ ಬಂದಿಲ್ಲ ಎಂದಷ್ಟೇ ಹೇಳಿದೆ. ಯಾರಿಂದ ಸರಿಯಾಗಿ ಬಂದಿಲ್ಲ ಎಂದು ಹೇಳಲಿಲ್ಲ. ಎರಡು ದಿನದ ಮೇಲೆ ಆಕೆಯೇ ಫೋನ್ ಮಾಡಿದಳು.

"ಬರಲ್ವಂತೆ ಮೇಡಂ. ನನ್ ಮೈಯಾಗೇ ಏನೋ ಕೆಟ್ಟೈತೆ, ಅದ್ಕೇ ಗಾಜಿಗೆ ಹತ್ತಲಿಲ್ಲ ಅಂತಾರೆ. ಒಂದ್ ಸಲ ಮಾನ ಬಿಟ್ಟಿದ್ದೇ ಸಾಕು ಅಂತಾರೆ."

ಆ ವರದಿ ನನ್ನ ಚೀಲದಲ್ಲೇ ಓಡಾಡುತ್ತಿದ್ದಾಗ ಸ್ನಾತಕೋತ್ತರ ಸೀಟಿನ ಆಯ್ಕೆ ಶುರುವಾಯಿತು. ಬೇಕಾದ ವಿಭಾಗಗಳನ್ನು ಕ್ರಮವಾಗಿ ವೆಬ್‌ಸೈಟಿನಲ್ಲಿ ಬರೆದು ಉಳಿಸಿ, ಲಾಕ್ ಮಾಡಬೇಕು. ನನ್ನ ರ‍್ಯಾಂಕಿಗೆ ಹೆರಿಗೆ ವಿಭಾಗವೂ ಸಿಗುತ್ತಿತ್ತು, ಪೆಥಾಲಜಿಯೂ ಸಿಗುತ್ತಿತ್ತು. ಯಾವುದು ಮೇಲೆ ಇರುತ್ತದೋ ಅದೇ ಮೂರು ವರ್ಷ, ಅದೇ ಮುಂದಿನ ಜೀವನ. ಲಾಕ್ ಮಾಡಲು ಬರುವ ಓಟಿಪಿ ಅಪ್ಪಾಜಿಯ ಫೋನಿಗೆ ಬರುತ್ತಿತ್ತು. ಕೇಂದ್ರದಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಅರ್ಜಿಯಲ್ಲಿ ಅವರ ನಂಬರ್ ಕೊಟ್ಟಿದ್ದವಳು ನಾನೇ.

ಕೊನೆಯ ದಿನ ಶುಕ್ರವಾರ, ಸಂಜೆ ಆರರವರೆಗೆ. ಮಧ್ಯಾಹ್ನ ಕೇಂದ್ರದ ಹಿಂದಿನ ದಿಬ್ಬ ಹತ್ತಿ, ಸಿಗ್ನಲ್ ಸಿಗುವ ಕಡೆ ನಿಂತು, ಪೆಥಾಲಜಿಯನ್ನು ಮೇಲೆ ಹಾಕಿ ಪಟ್ಟಿ ಉಳಿಸಿದೆ. ಲಾಕ್ ಒತ್ತಿ, ಅಪ್ಪಾಜಿಗೆ ಫೋನ್ ಮಾಡಿ ನಂಬರ್ ಕೇಳಿದೆ. ಅವರು ಕನ್ನಡಕ ಹುಡುಕಿ ಓದತೊಡಗಿದರು. ನಾಲ್ಕು. ಏಳು. ಏಳು. ಅಲ್ಲಿಗೆ ನಿಲ್ಲಿಸಿದರು.

"ಹೆರಿಗೇದೇ ತಾನೆ ಮೊದ್ಲು ಹಾಕಿರೋದು?"

ಒಂದು "ಹ್ಞೂಂ" ಸಾಕಿತ್ತು.

"ಇಲ್ಲ ಅಪ್ಪಾಜಿ," ಎಂದೆ.

ಅವರು ಉಳಿದ ಅಂಕಿ ಹೇಳಲಿಲ್ಲ. ಮನೆಗೆ ಬಾ ಎಂದಷ್ಟೇ ಹೇಳಿ ಇಟ್ಟರು.

ಅರ್ಧ ದಿನ ರಜೆ ಬರೆದು ಬಸ್ ಹತ್ತಿದೆ. ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಅಪ್ಪಾಜಿ ಮಂಡಿ ಬಿಟ್ಟು ಬಂದು, ಕೋಣೆಯಲ್ಲಿ ರೋಗಿಯ ಸ್ಟೂಲಿನ ಮೇಲೆ ಕೂತಿದ್ದರು. ಉಳಿದದ್ದು ಆ ಪ್ಲಾಸ್ಟಿಕ್ ಹೊದ್ದ ಕುರ್ಚಿ. ಅದರಲ್ಲಿ ಕೂತೆ. ಅಲುಗಾಡಿದರೆ ಸದ್ದಾಗುತ್ತಿತ್ತು.

ಅವರು ಬೈಯಲಿಲ್ಲ. ಪೆಥಾಲಜಿ ಎಂದರೆ ಏನು ಎಂದು ಕೇಳಿದರು. ಅವರು ದಿನಾ ಮಾಡುವುದನ್ನೇ ಹೇಳಿ ವಿವರಿಸಿದೆ. ಮೂಟೆಯಿಂದ ಒಂದು ಕೊಬ್ಬರಿ ಗಿಟುಕು ತೆಗೆದು, ಒಡೆದು, ಒಳಗಿನ ಬಣ್ಣ ನೋಡಿ ಇಡೀ ಲಾಟಿನ ಗುಣ ಹೇಳುತ್ತೀರಲ್ಲ, ಹಾಗೆ ಎಂದೆ.

"ನಾನು ಮಂಡಿ ಬಾಗ್ಲಲ್ಲಿ ಕೂತ್ಕಂಡು ನೋಡ್ತೀನಿ ಕಣವ್ವ. ಗಿಟುಕು ತಂದೋನು ಎದುರಿಗೇ ನಿಂತಿರ್ತಾನೆ. ನೀನು ಯಾರ ಮುಖಾನೂ ನೋಡ್ದಂಗೆ ನೋಡ್ತೀನಿ ಅಂತೀಯ."

ನಿಜ, ನನಗೆ ಬೇಕಿದ್ದುದರಲ್ಲಿ ಅದೂ ಒಂದು. ನಮ್ಮ ಕಡೆಯ ಹೆಣ್ಣುಮಕ್ಕಳು ಹಾಗಾದರೆ ಯಾರ ಹತ್ತಿರ ಹೋಗಬೇಕು ಎಂದು ಅಪ್ಪಾಜಿ ಕೇಳಿದರು. ಬಸ್ತಿಹಳ್ಳಿಯ ಅಜ್ಜಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದನ್ನೇ ಮುಂದಿಡುತ್ತಿದ್ದರು. ನನಗೆ ಚೀಲದಲ್ಲಿದ್ದ ಅಜ್ಜಿಯ ವರದಿ ನೆನಪಾಯಿತು. ಆ ಗಾಜನ್ನು ನೋಡಿ ವರದಿ ಬರೆದವರು ಯಾರೆಂದು ನನಗೆ ಗೊತ್ತಿಲ್ಲ. ಒಣಗಿದ್ದನ್ನು ಒಣಗಿದೆ ಎಂದು ಬರೆದು ಮುಂದಿನ ಗಾಜಿಗೆ ಹೋಗಿರುತ್ತಾರೆ. ನನಗೆ ಅವರ ಜಾಗ ಬೇಕಿತ್ತು. ಅಜ್ಜಿ ಕಾದಿದ್ದು ನನ್ನ ಜಾಗದಲ್ಲಿರುವವಳಿಗಾಗಿ. ಅಮ್ಮ ಕಾಫಿ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು.

ಐದೂವರೆಗೆ ಅಪ್ಪಾಜಿ ಫೋನನ್ನು ನನ್ನ ಕಡೆ ಸರಿಸಿದರು. ಮೇಲಿನದನ್ನು ಕೆಳಗೆ ಮಾಡು, ಹೊಸ ನಂಬರ್ ತರಿಸು, ಪೂರ್ತಿ ಹೇಳುತ್ತೇನೆ ಎಂದರು. ನಾನು ಕೈ ಚಾಚಲಿಲ್ಲ. ಬಾಗಿಲ ಆಚೆ ಬಸ್ಸುಗಳು ಹೋಗುತ್ತಿದ್ದವು. ಎದ್ದು ಹೋಗಬಹುದಿತ್ತು, ಯಾರೂ ಹಿಡಿದಿರಲಿಲ್ಲ. ಆದರೂ ಏಳಲಾಗಲಿಲ್ಲ.

ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಲಾಕ್ ಮಾಡದಿದ್ದರೆ, ಅವಧಿ ಮುಗಿದಾಗ, ಕೊನೆಗೆ ಉಳಿಸಿದ ಪಟ್ಟಿಯೇ ತಾನಾಗಿ ಲಾಕ್ ಆಗುತ್ತದೆ. ಮಧ್ಯಾಹ್ನ ದಿಬ್ಬದ ಮೇಲೆ ಫೋನ್ ಇಟ್ಟ ಕೂಡಲೇ ಅದನ್ನು ಎರಡು ಸಲ ಓದಿದ್ದೆ. ಅಪ್ಪಾಜಿಗೆ ಅದು ಗೊತ್ತಿರಲಿಲ್ಲ. ನಂಬರ್ ಇಲ್ಲದೆ ಏನೂ ಆಗದು ಎಂದುಕೊಂಡಿದ್ದರು. ನಾನು ಸುಮ್ಮನಿದ್ದೆ.

ಆರು ಹೊಡೆಯಿತು. ಅಪ್ಪಾಜಿ ಗಡಿಯಾರ ನೋಡಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಒಂದ್ ವರ್ಷ ಹೋದ್ರೆ ಹೋಯ್ತು ಬಿಡವ್ವ. ನನ್ನಿಂದ ಹೋಯ್ತು. ಮುಂದಿನ್ ಸಲ ಕೂತು ಮಾತಾಡೋಣ."

ಬೈದಿದ್ದರೆ ಸುಲಭವಿತ್ತು. ಊಟಕ್ಕೆ ಕೂತಾಗ ಅವರೇ ನನ್ನ ತಟ್ಟೆಗೆ ತುಪ್ಪ ಬಡಿಸಿದರು. ಆಗಲೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಮಂಡಿಗೆ ಹೊರಡುವ ಮೊದಲು ಕೋಣೆಯಲ್ಲಿ ಕೈ ತೊಳೆಯುತ್ತಿದ್ದರು. ಆ ನಲ್ಲಿಯನ್ನು ಅವರು ಯಾವಾಗಲೂ ಬೆರಳಿನಿಂದಲೇ ತಿರುಗಿಸುತ್ತಾರೆ. ನಾನು ಬಾಗಿಲಲ್ಲಿ ನಿಂತು, ಪಟ್ಟಿ ತಾನಾಗಿ ಲಾಕ್ ಆಗಿದೆ, ಮೇಲೆ ಪೆಥಾಲಜಿಯೇ ಇದೆ ಎಂದು ಹೇಳಿದೆ.

"ನೆನ್ನೇನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಪ್ಪಾಜಿ."

ಅವರು ನಲ್ಲಿ ನಿಲ್ಲಿಸಿ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ನನ್ನ ಪಕ್ಕದಿಂದಲೇ ಹೊರಗೆ ಹೋದರು. ಸ್ಕೂಟರ್ ಶುರುವಾಗಲು ಎರಡು ಸಲ ಒದೆಯಬೇಕಾಯಿತು.

ನಾನು ಮೊದಲು ಸಿಕ್ಕ ಬಸ್ ಹಿಡಿದು ಹಳೇಬೀಡಿನಲ್ಲಿ ಇಳಿದು, ಕೇಂದ್ರಕ್ಕೆ ಹೋಗದೆ ಬಸ್ತಿಹಳ್ಳಿಗೆ ನಡೆದೆ. ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ವರದಿ ತೋರಿಸಿ, ಗಾಜು ಒಣಗಿದ್ದು ನನ್ನ ಕೈಯಲ್ಲಿ, ನಿಮ್ಮ ಮೈಯದು ಏನೂ ತಪ್ಪಿಲ್ಲ ಎಂದೆ. ಅವರು ಕೈ ನಿಲ್ಲಿಸಲಿಲ್ಲ. ಇನ್ನೂ ಎಷ್ಟು ದಿನ ಇಲ್ಲಿರುತ್ತೀಯ ಎಂದು ಕೇಳಿದರು. ನಾಲ್ಕು ತಿಂಗಳು ಎಂದೆ. ಆಮೇಲೆ ಯಾರು ಬರುತ್ತಾರೆ ಎಂದರು. ಗೊತ್ತಿಲ್ಲ ಎಂದೆ.

"ಹಂಗಾದ್ರೆ ಇವತ್ತೇ ಆಗ್ಲಿ," ಎಂದು ಸೊಸೆಯನ್ನು ಕೂಗಿ ಸೀರೆ ಬದಲಿಸಲು ಎದ್ದರು.

ಆಟೋದಲ್ಲಿ ಮೂವರೂ ಕೇಂದ್ರಕ್ಕೆ ಬಂದೆವು. ಅಜ್ಜಿ ಮೇಜು ಹತ್ತುವ ಮೊದಲು, ಗ್ಲೌಸ್ ಹಾಕಿಕೊಳ್ಳುವ ಮೊದಲು, ನಾನು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ.